ಕಂತಿನಲ್ಲಿ ಬಂದ ಅಧಿಕಾರ, ಬೀಗ ಬಿದ್ದ ಸಂವಿಧಾನ

ಜಮೈಕಾದವನೊಬ್ಬ ತನ್ನ ಮೊಕದ್ದಮೆಯ ಕೊನೆಯ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಬೇಕೆಂದರೆ ಮೊದಲು ಬ್ರಿಟಿಷ್ ವೀಸಾಕ್ಕೆ ಅರ್ಜಿ ಹಾಕಬೇಕು. ಅವನ ದೇಶದ ಅತ್ಯುನ್ನತ ನ್ಯಾಯಪೀಠ ಇರುವುದು ರಾಜಧಾನಿ ಕಿಂಗ್‌ಸ್ಟನ್‌ನಲ್ಲಲ್ಲ, ಲಂಡನ್ನಿನಲ್ಲಿ. ಅದರ ಹೆಸರು ಪ್ರಿವಿ ಕೌನ್ಸಿಲ್‌ನ ನ್ಯಾಯಿಕ ಸಮಿತಿ. 2003ರಿಂದ ಬ್ರಿಟನ್ ಜಮೈಕಾದ ಪ್ರಜೆಗಳಿಗೆ ವೀಸಾ ಕಡ್ಡಾಯ ಮಾಡಿದೆ. ಹೀಗಾಗಿ ತನ್ನದೇ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಲು ಆತ ಪರದೇಶದ ಅನುಮತಿ ಕೇಳಬೇಕಾಗಿದೆ. ದೇಶ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ರಾಷ್ಟ್ರದ ಮುಖ್ಯಸ್ಥ ಇಂದಿಗೂ ಬ್ರಿಟನ್ನಿನ ದೊರೆ ಮೂರನೆಯ ಚಾರ್ಲ್ಸ್. 1949ರಲ್ಲಿ ಪ್ರಿವಿ ಕೌನ್ಸಿಲಿಗೆ ಕೈಮುಗಿದು ಹೊರಬಂದು, ಮರುವರ್ಷದ ಜನವರಿಯಲ್ಲಿ ಗಣರಾಜ್ಯವಾದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಬದಲಾಯಿಸುವ ಮಾತು ಅಲ್ಲಿ ಹೊಸದೇನಲ್ಲ. 2012ರಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ಪೋರ್ಷಿಯಾ ಸಿಂಪ್ಸನ್ ಮಿಲ್ಲರ್ ಗಣರಾಜ್ಯದ ಭರವಸೆ ಕೊಟ್ಟರು. 2022ರಲ್ಲಿ ರಾಜಕುಮಾರ ವಿಲಿಯಂ ದಂಪತಿ ಭೇಟಿಗೆ ಬಂದಾಗ ಪ್ರಧಾನಿ ಆ್ಯಂಡ್ರೂ ಹೋಲ್ನೆಸ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ, ನಾವು ಮುಂದೆ ಸಾಗುತ್ತಿದ್ದೇವೆ ಎಂದುಬಿಟ್ಟರು. 2024ರ ಡಿಸೆಂಬರಿನಲ್ಲಿ ಗಣರಾಜ್ಯದ ಮಸೂದೆ ಸಂಸತ್ತಿನಲ್ಲಿ ಮಂಡನೆಯೂ ಆಯಿತು. 2025ರ ಸೆಪ್ಟೆಂಬರಿನ ಚುನಾವಣೆಗೆ ಸಂಸತ್ತು ವಿಸರ್ಜನೆಯಾದಾಗ ಅದು ಅಂಗೀಕಾರವಾಗದೆ ಉಳಿಯಿತು. ಚುನಾವಣೆಯಲ್ಲಿ ಹೋಲ್ನೆಸ್ ಅವರ ಜಮೈಕಾ ಲೇಬರ್ ಪಾರ್ಟಿ, ಅಂದರೆ ಜೆಎಲ್‌ಪಿ, ಸತತ ಮೂರನೆಯ ಬಾರಿ ಗೆದ್ದಿತು. ಆದರೆ 2020ರಲ್ಲಿ 63ರಲ್ಲಿ 49 ಸ್ಥಾನ ಹಿಡಿದಿದ್ದ ಪಕ್ಷದ ಬಲ ಈ ಬಾರಿ ಸಾಕಷ್ಟು ಕುಗ್ಗಿದೆ. ಅದಾಗಿ ಎರಡು ತಿಂಗಳೊಳಗೆ ಮೆಲಿಸಾ ಚಂಡಮಾರುತ ದ್ವೀಪದ ಪಶ್ಚಿಮ ಭಾಗವನ್ನು ಹಾಳುಗೆಡವಿತು. ಹಾರಿಹೋದ ಸೂರಿನ ಮುಂದೆ ಸಂವಿಧಾನದ ತಿದ್ದುಪಡಿ ಯಾರಿಗೆ ನೆನಪಾಗುತ್ತದೆ?

ಇಷ್ಟು ವರ್ಷ ಏಕೆ ಆಗಲಿಲ್ಲ ಎಂದರೆ ಸುಲಭದ ಉತ್ತರ ಸಿದ್ಧವಿದೆ: ವಸಾಹತು ಮನೋಭಾವ ಹೋಗಿಲ್ಲ, ಲಂಡನ್ ಹಿಡಿತ ಬಿಟ್ಟಿಲ್ಲ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಜಮೈಕಾ ದೊರೆಯನ್ನು ಬಿಟ್ಟರೆ ತಡೆಯುವವರು ಲಂಡನ್ನಿನಲ್ಲಿ ಯಾರೂ ಇಲ್ಲ. ಬೀಗ ಇರುವುದು ಜಮೈಕಾದ ಸಂವಿಧಾನದಲ್ಲೇ, ಅದನ್ನು ಹಾಕಿದವರೂ ಜಮೈಕಾದವರೇ. ಏಕೆ ಹಾಕಿದರು ಎಂಬುದಕ್ಕೆ 1944ರಿಂದ 1962ರವರೆಗಿನ ಹದಿನೆಂಟು ವರ್ಷಗಳ ಸ್ವಯಮಾಡಳಿತದ ಕಾಲವನ್ನು ನೋಡಬೇಕು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ಆದರೆ ಅಧಿಕಾರ ಕಂತು ಕಂತಾಗಿ ಕೈಗೆ ಬರುತ್ತಿತ್ತು. ಇಂದಿನ ಜಮೈಕಾ ರಾಜಕಾರಣದ ಗುಣ, ದೋಷ, ಭಯ ಎಲ್ಲವೂ ರೂಪುಗೊಂಡದ್ದು ಆಗಲೇ.

ಅದಕ್ಕೂ ಹಿಂದಿನ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಜಮೈಕಾಕ್ಕೆ ಹದಿನೇಳನೆಯ ಶತಮಾನದಿಂದಲೇ ಒಂದು ಶಾಸನಸಭೆ ಇತ್ತು. ತೋಟದ ಮಾಲೀಕರ ಸಭೆ ಅದು. 1865ರಲ್ಲಿ ಮೊರಾಂಟ್ ಬೇಯಲ್ಲಿ ಪಾಲ್ ಬೋಗಲ್ ನೇತೃತ್ವದಲ್ಲಿ ಬಡ ರೈತರು ದಂಗೆಯೆದ್ದರು. ಗವರ್ನರ್ ಐರ್ ನಾನೂರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ. ಮುಂದೆ ಎಂದಾದರೂ ಕರಿಯರ ಕೈಗೆ ಸಭೆ ಸಿಕ್ಕೀತೆಂಬ ದಿಗಿಲಿನಲ್ಲಿ ಮಾಲೀಕರು ಸಭೆಯನ್ನೇ ವಿಸರ್ಜಿಸಿ ಅಧಿಕಾರವನ್ನು ರಾಣಿಯ ಕೈಗೊಪ್ಪಿಸಿದರು. ಪರರಿಗೆ ಸಿಗುವುದಕ್ಕಿಂತ ಯಾರಿಗೂ ಇಲ್ಲದಿರುವುದೇ ಲೇಸು ಎಂಬ ಲೆಕ್ಕ. ಮುಂದಿನ ಸುಮಾರು ಎಂಬತ್ತು ವರ್ಷ ದ್ವೀಪವನ್ನು ಗವರ್ನರ್ ಆಳಿದ.

ಅದನ್ನು ಅಲುಗಾಡಿಸಿದ್ದು ಕಬ್ಬಿನ ಗದ್ದೆ. 1938ರ ಏಪ್ರಿಲ್ ಕೊನೆ, ವೆಸ್ಟ್‌ಮೊರ್ಲೆಂಡ್ ಪ್ರಾಂತದ ಫ್ರೋಮ್ ಎಸ್ಟೇಟ್. ಟೇಟ್ ಆ್ಯಂಡ್ ಲೈಲ್ ಕಂಪನಿ ಅಲ್ಲಿ ದೊಡ್ಡದೊಂದು ಸಕ್ಕರೆ ಕಾರ್ಖಾನೆ ಕಟ್ಟುತ್ತಿದೆ ಎಂಬ ಸುದ್ದಿ ಹಬ್ಬಿ ದ್ವೀಪದ ಮೂಲೆಮೂಲೆಯಿಂದ ಕೂಲಿಗಾರರು ಬಂದು ಸೇರಿದ್ದರು. ದಿನಕ್ಕೆ ಒಂದು ಡಾಲರ್ ಕೂಲಿ ಬೇಕು ಎಂಬುದು ಅವರ ಬೇಡಿಕೆ. ಆಗಿನ ಲೆಕ್ಕದಲ್ಲಿ ನಾಲ್ಕು ಶಿಲ್ಲಿಂಗ್. ಸಂಬಳದ ದಿನ ಕೈಗೆ ಬಂದ ಕಾಸು ನೋಡಿ ಸಿಟ್ಟು ಕೆರಳಿತು, ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ಕಿಚ್ಚು ಕಿಂಗ್‌ಸ್ಟನ್ ಬಂದರಿಗೆ ಹರಡಿ, ಹಡಗುಕಟ್ಟೆಯ ಕಾರ್ಮಿಕರು ಕೆಲಸ ನಿಲ್ಲಿಸಿದರು.

ಆ ಮೇ ತಿಂಗಳಲ್ಲಿ ಇಬ್ಬರು ನಾಯಕರಾದರು. ಒಬ್ಬರು ಅಲೆಕ್ಸಾಂಡರ್ ಬುಸ್ಟಮಾಂಟೆ. ಸಾಲ ಕೊಡುವ ವ್ಯವಹಾರ, ಎತ್ತರದ ಆಳು, ಕೆದರಿದ ಕೂದಲು, ಗುಡುಗಿನ ದನಿ. ಬಂದೂಕು ಹಿಡಿದ ಪೊಲೀಸರ ಮುಂದೆ ಅಂಗಿ ತೆರೆದು ಎದೆಯೊಡ್ಡಿದರೆಂಬ ಕಥೆಯನ್ನು ಜಮೈಕಾದಲ್ಲಿ ಈಗಲೂ ಹೇಳುತ್ತಾರೆ. ಇನ್ನೊಬ್ಬರು ನಾರ್ಮನ್ ಮ್ಯಾನ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ, ದ್ವೀಪದಲ್ಲೇ ಹೆಸರಾಂತ ವಕೀಲ. ಬುಸ್ಟಮಾಂಟೆ ಜೈಲಿಗೆ ಹೋದಾಗ ಅವರ ಪರವಾಗಿ ನಿಂತು ಬಿಡಿಸಿದ್ದು ಮ್ಯಾನ್ಲಿಯೇ. ಇಬ್ಬರೂ ಸಂಬಂಧಿಕರು. ವಂಶಾವಳಿ ಬಿಡಿಸುವ ಗೊಡವೆ ಬೇಡ, ದಾಯಾದಿಗಳು ಎಂದರೆ ಕನ್ನಡದ ಓದುಗರಿಗೆ ಮುಂದಿನ ಕಥೆಯ ಅರ್ಧ ತಿಳಿದಂತೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮ್ಯಾನ್ಲಿ ಪೀಪಲ್ಸ್ ನ್ಯಾಷನಲ್ ಪಾರ್ಟಿ ಕಟ್ಟಿದರು. ಜನ ಅದನ್ನು ಪಿಎನ್‌ಪಿ ಎನ್ನುತ್ತಾರೆ. ಬುಸ್ಟಮಾಂಟೆ ತಮ್ಮ ಹೆಸರಿನದೇ ಕಾರ್ಮಿಕ ಸಂಘ ಕಟ್ಟಿ, ಯುದ್ಧಕಾಲದಲ್ಲಿ ಹದಿನೇಳು ತಿಂಗಳು ಬಂಧನದಲ್ಲಿದ್ದು, ಹೊರಬಂದ ಮೇಲೆ 1943ರಲ್ಲಿ ಜೆಎಲ್‌ಪಿ ಸ್ಥಾಪಿಸಿದರು. ಅಂದಿನಿಂದ ಇಂದಿನವರೆಗೆ ಜಮೈಕಾವನ್ನು ಆಳಿದ್ದು ಈ ಎರಡೇ ಪಕ್ಷಗಳು.

1944ರ ನವೆಂಬರಿನಲ್ಲಿ ಹೊಸ ಸಂವಿಧಾನ ಬಂತು, ಡಿಸೆಂಬರ್ 14ರಂದು ವಯಸ್ಕರೆಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆಯಿತು. ಆಸ್ತಿ, ತೆರಿಗೆಯ ಲೆಕ್ಕವಿಲ್ಲದೆ ಹೆಂಗಸರು, ಗಂಡಸರು, ಕಬ್ಬು ಕಡಿಯುವವರು ಎಲ್ಲರಿಗೂ ಮತ. ನಮ್ಮಲ್ಲಿ ಅಂಥ ಚುನಾವಣೆ ನಡೆದದ್ದು ಅದಕ್ಕೆ ಏಳು ವರ್ಷಗಳ ನಂತರ, ಅದೂ ಸ್ವಾತಂತ್ರ್ಯ ಬಂದ ಮೇಲೆ. 32 ಸ್ಥಾನಗಳಲ್ಲಿ ಜೆಎಲ್‌ಪಿಗೆ 22, ಪಿಎನ್‌ಪಿಗೆ ಬರೀ 5. ಸಾರ್ವತ್ರಿಕ ಮತದಾನಕ್ಕಾಗಿ ವರ್ಷಗಟ್ಟಲೆ ವಾದಿಸಿದ ಮ್ಯಾನ್ಲಿ ತಮ್ಮ ಕ್ಷೇತ್ರದಲ್ಲೇ ಸೋತರು.

ಗೆದ್ದವರಿಗೆ ಸಿಕ್ಕಿದ್ದೇನು? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಾರ್ಯಕಾರಿ ಮಂಡಳಿಯ ಮೇಜಿನ ಸುತ್ತ ಹತ್ತು ಕುರ್ಚಿ, ತಲೆಗೆ ಗವರ್ನರ್. ಐದು ಕುರ್ಚಿ ಸದನ ಆರಿಸಿ ಕಳಿಸಿದವರಿಗೆ. ಉಳಿದ ಐದರಲ್ಲಿ ಮೂವರು ಸರ್ಕಾರಿ ಅಧಿಕಾರಿಗಳು, ಇಬ್ಬರು ನಾಮಕರಣಗೊಂಡವರು. ಐದಕ್ಕೆ ಐದಾದರೆ ಗವರ್ನರನ ಮತ ನಿರ್ಣಾಯಕ. ಆ ಐವರು ಚುನಾಯಿತರನ್ನು ಮಂತ್ರಿಗಳೆಂದು ಕರೆದರು. ಬುಸ್ಟಮಾಂಟೆ ಸಂಪರ್ಕ ಖಾತೆಯ ಮಂತ್ರಿ. ಆದರೆ ಇಲಾಖೆ ಅವರ ಕೈಯಲ್ಲಿರಲಿಲ್ಲ. ರಸ್ತೆ ಕೆಟ್ಟರೆ ಸದನದಲ್ಲಿ ಎದ್ದು ಉತ್ತರ ಕೊಡಬೇಕಾದವರು ಅವರು; ರಸ್ತೆ ಮಾಡುವ ಅಧಿಕಾರಿ ವರದಿ ಒಪ್ಪಿಸುತ್ತಿದ್ದದ್ದು ವಸಾಹತು ಕಾರ್ಯದರ್ಶಿಗೆ. ಬೈಗುಳ ಮಂತ್ರಿಗೆ, ಕಡತ ಬೇರೆಯವರಿಗೆ.

ಇಂಥ ವ್ಯವಸ್ಥೆ ನಮ್ಮ ಹಿಂದಿನ ತಲೆಮಾರಿಗೆ ಪರಿಚಿತವೇ ಆಗಿತ್ತು. ಮೈಸೂರಿಗೆ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ನಂತರ ನ್ಯಾಯವಿಧೇಯಕ ಸಭೆಯೂ ಬಂತು. ಸಭೆ ಸೇರಬಹುದು, ಅಹವಾಲು ಹೇಳಬಹುದು, ದಿವಾನರು ಕೇಳಿಸಿಕೊಳ್ಳುವರು. ಸಭೆಗೆ ಉತ್ತರ ಕೊಡಲೇಬೇಕಾದ ಮಂತ್ರಿಮಂಡಲಕ್ಕಾಗಿ 1947ರಲ್ಲಿ ‘ಮೈಸೂರು ಚಲೋ’ ನಡೆಯಬೇಕಾಯಿತು. ‘ಜವಾಬ್ದಾರಿ ಸರ್ಕಾರ’ ಎಂಬ ಪದ ಕನ್ನಡಕ್ಕೆ ಸುಮ್ಮನೆ ಬಂದದ್ದಲ್ಲ. ಜಮೈಕಾದವರಿಗೆ 1944ರಲ್ಲಿ ಸಿಕ್ಕಿದ್ದು ಜವಾಬ್ದಾರಿ, ಸರ್ಕಾರ ಸಿಗಲಿಲ್ಲ.

ಮುಂದಿನ ಕಂತುಗಳು ನಿಧಾನವಾಗಿ ಬಂದವು. 1953ರಲ್ಲಿ ಮಂಡಳಿಯಲ್ಲಿ ಚುನಾಯಿತರಿಗೆ ಬಹುಮತ ದೊರೆತು, ಮಂತ್ರಿಗಳಿಗೆ ನಿಜವಾದ ಖಾತೆಗಳು ಬಂದು, ಬುಸ್ಟಮಾಂಟೆ ಮೊದಲ ಮುಖ್ಯಮಂತ್ರಿಯಾದರು. 1955ರ ಚುನಾವಣೆಯಲ್ಲಿ ಪಿಎನ್‌ಪಿ 18 ಸ್ಥಾನ ಗೆದ್ದು ಮ್ಯಾನ್ಲಿ ಆ ಕುರ್ಚಿಗೆ ಬಂದರು. 1957ರ ನವೆಂಬರಿನಲ್ಲಿ ಮಂತ್ರಿಪರಿಷತ್ತು ರಚನೆಯಾಗಿ ಗವರ್ನರ್ ಆ ಮೇಜಿನ ತಲೆಯಿಂದ ಎದ್ದರು. 1959ರ ಜುಲೈ 4ರಂದು ಪೂರ್ಣ ಆಂತರಿಕ ಸ್ವಯಮಾಡಳಿತ ಬಂತು. ರಕ್ಷಣೆ, ವಿದೇಶಾಂಗದಂಥವು ಹೊರಗುಳಿದು ಉಳಿದೆಲ್ಲವೂ ಕಿಂಗ್‌ಸ್ಟನ್ ಕೈಗೆ. ಆ ತಿಂಗಳ ಕೊನೆಯ ಚುನಾವಣೆಯಲ್ಲಿ 45ರಲ್ಲಿ 29 ಸ್ಥಾನ ಗೆದ್ದ ಮ್ಯಾನ್ಲಿ ಪ್ರೀಮಿಯರ್ ಆದರು.

ಈ ಕಂತುಗಳಿಗೆ ಬಡ್ಡಿಯೂ ಇತ್ತು, ಅದನ್ನು ಮರೆಯಬಾರದು. ದಕ್ಷಿಣ ಅಮೆರಿಕದ ತೀರದ ಬ್ರಿಟಿಷ್ ಗಯಾನಾದಲ್ಲಿ 1953ರಲ್ಲಿ ಚೆಡ್ಡಿ ಜಗನ್ ಪಕ್ಷ ಚುನಾವಣೆ ಗೆದ್ದಿತು. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದ ಭಾರತೀಯರ ವಂಶದವರು ಜಗನ್, ವಿಚಾರದಲ್ಲಿ ಎಡಪಂಥೀಯರು. 133 ದಿನಗಳಲ್ಲಿ ಲಂಡನ್ ಸೇನೆ ಕಳಿಸಿ ಸಂವಿಧಾನವನ್ನೇ ಅಮಾನತು ಮಾಡಿತು. ಕೊಟ್ಟದ್ದನ್ನು ಕಿತ್ತುಕೊಳ್ಳಲು ಅವರಿಗೆ ಒಂದು ಆದೇಶ ಸಾಕಿತ್ತು. ಮ್ಯಾನ್ಲಿ ಗಾಳಿ ಬೀಸುವ ದಿಕ್ಕನ್ನು ಮೊದಲೇ ಹಿಡಿದಿದ್ದರೋ ಏನೋ, 1952ರಲ್ಲೇ ತಮ್ಮ ಪಕ್ಷದ ನಾಲ್ವರು ಎಡಪಂಥೀಯ ನಾಯಕರನ್ನು ಹೊರಹಾಕಿದ್ದರು. ಪಕ್ಷದ ಕಾರ್ಮಿಕ ಸಂಘಟನೆಯ ಬೆನ್ನೆಲುಬೇ ಆ ಜನ. ಮುಂದಿನ ಕಂತು ಬೇಕಾದರೆ ನಂಬಿಕಸ್ಥ ಸಾಲಗಾರನಂತೆ ಕಾಣಿಸಬೇಕು ಎಂಬ ಒತ್ತಡ ಆ ಕಾಲದ ಎಲ್ಲ ದ್ವೀಪಗಳ ನಾಯಕರ ಮೇಲೂ ಇತ್ತು. ಸ್ವಯಮಾಡಳಿತದ ಕಾಲವನ್ನು ‘ತರಬೇತಿ’ ಎಂದು ಹೊಗಳುವವರು ಈ ಸೋಸುವಿಕೆಯ ವಿಷಯ ಎತ್ತುವುದಿಲ್ಲ.

ಹಾಗೆಂದು ಆ ವರ್ಷಗಳು ಬರೀ ನಾಟಕವಲ್ಲ. ದನಕರು ಮೇಯುತ್ತಿದ್ದ ಕೆಂಪು ಮಣ್ಣಿನಲ್ಲಿ ಬಾಕ್ಸೈಟ್ ಇದೆಯೆಂದು 1940ರ ದಶಕದಲ್ಲಿ ಗೊತ್ತಾಗಿ, 1952ರಲ್ಲಿ ಅದಿರು ಹಡಗು ಹತ್ತಿತು. ಐದೇ ವರ್ಷಗಳಲ್ಲಿ ಜಮೈಕಾ ಜಗತ್ತಿನಲ್ಲೇ ಅತಿ ಹೆಚ್ಚು ಬಾಕ್ಸೈಟ್ ತೆಗೆಯುವ ದೇಶವಾಯಿತು. ಅಗೆಯುವವರು ಉತ್ತರ ಅಮೆರಿಕದ ಕಂಪನಿಗಳು. ಮ್ಯಾನ್ಲಿ ಸರ್ಕಾರ 1957ರಲ್ಲಿ ಅವರನ್ನು ಮಾತುಕತೆಗೆ ಕೂರಿಸಿ ರಾಯಧನವನ್ನೂ ತೆರಿಗೆಯನ್ನೂ ಏರಿಸಿತು. ವಸಾಹತು ಸರ್ಕಾರವೊಂದು ಸ್ವಂತ ಬಲದಲ್ಲಿ ಮಾಡಿದ ಚೌಕಾಸಿ ಅದು. ಅದೇ ಸುಮಾರಿಗೆ ಪ್ರೌಢಶಾಲೆಗಳಲ್ಲಿ ಸ್ಪರ್ಧಾ ಪರೀಕ್ಷೆಯ ಮೂಲಕ ಬಡವರ ಮಕ್ಕಳಿಗೆ ಉಚಿತ ಸೀಟುಗಳನ್ನು ತೆರೆದರು. 1959ರಲ್ಲಿ ಸ್ವಂತ ಪ್ರಸಾರ ಸಂಸ್ಥೆ ಬಂತು. ಇಷ್ಟಾದರೂ ಲಕ್ಷಕ್ಕೂ ಹೆಚ್ಚು ಜನ ಕೆಲಸ ಹುಡುಕಿಕೊಂಡು ಹಡಗು ಹತ್ತಿ ಬ್ರಿಟನ್ನಿಗೆ ಹೋದರು. ಬ್ರಿಟನ್ ಆ ಬಾಗಿಲು ಮುಚ್ಚುವ ಕಾನೂನನ್ನು ಜಾರಿಗೆ ತಂದದ್ದು 1962ರ ಜುಲೈ 1ರಂದು, ಜಮೈಕಾದ ಸ್ವಾತಂತ್ರ್ಯಕ್ಕೆ ಐದು ವಾರ ಮೊದಲು.

ಇಂದಿನ ಗಣರಾಜ್ಯದ ಪ್ರಶ್ನೆಗೆ ನೇರವಾಗಿ ತಗಲುವುದು ಮಾತ್ರ ಒಕ್ಕೂಟದ ಕಥೆ. 1958ರ ಜನವರಿಯಲ್ಲಿ ಹತ್ತು ದ್ವೀಪ ಪ್ರದೇಶಗಳನ್ನು ಸೇರಿಸಿ ವೆಸ್ಟ್ ಇಂಡೀಸ್ ಒಕ್ಕೂಟ ರಚನೆಯಾಯಿತು. ಕ್ರಿಕೆಟ್ ತಂಡದಂತೆ ದೇಶವೂ ಒಂದಾಗಲಿ ಎಂಬ ಆಸೆ. ರಾಜಧಾನಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್, ಜಮೈಕಾದಿಂದ ಸಾವಿರ ಮೈಲಿ. ಒಕ್ಕೂಟದ ಅರ್ಧಕ್ಕೂ ಹೆಚ್ಚು ಜನ, ಅರ್ಧಕ್ಕೂ ಹೆಚ್ಚು ನೆಲ ಜಮೈಕಾದ್ದು. ಆದರೆ ಮೊದಲ ಸಂಸತ್ತಿನ 45 ಸ್ಥಾನಗಳಲ್ಲಿ ಅದಕ್ಕೆ ಸಿಕ್ಕಿದ್ದು 17. ಒಕ್ಕೂಟದ ಪ್ರಧಾನಿಯಾಗಬಹುದಾಗಿದ್ದ ಮ್ಯಾನ್ಲಿ ಮನೆಯಲ್ಲೇ ಉಳಿದರು. ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್ ಕೂಡ ಉಳಿದರು. ಬಾರ್ಬಡೋಸ್‌ನ ಗ್ರಾಂಟ್ಲಿ ಆ್ಯಡಮ್ಸ್ ಪ್ರಧಾನಿಯಾದರು. ಸ್ವಂತ ದ್ವೀಪದಲ್ಲಿ ಅಧಿಕಾರದ ರುಚಿ ಹತ್ತಿದ ಮೇಲೆ, ಕೈಯಲ್ಲಿ ಕಾಸಿಲ್ಲದ ಒಕ್ಕೂಟದ ಕುರ್ಚಿಗೆ ಯಾರು ಹೋಗುತ್ತಾರೆ? ಕೇಂದ್ರ ಗಟ್ಟಿಯಾಗುವ ಮೊದಲೇ ರಾಜ್ಯಗಳು ಗಟ್ಟಿಯಾದವು. ಒಕ್ಕೂಟ ಮುರಿದದ್ದಕ್ಕೆ ದ್ವೀಪಗಳ ಹೊಟ್ಟೆಕಿಚ್ಚನ್ನು ದೂರುವವರಿದ್ದಾರೆ. ನನ್ನ ಮಟ್ಟಿಗೆ ಸ್ವಯಮಾಡಳಿತದ ಯಶಸ್ಸೇ ಅದನ್ನು ಮುರಿಯಿತು.

1960ರ ಮೇ ತಿಂಗಳಲ್ಲಿ ಬುಸ್ಟಮಾಂಟೆ ಇದ್ದಕ್ಕಿದ್ದಂತೆ ತಮ್ಮ ಪಕ್ಷ ಒಕ್ಕೂಟಕ್ಕೆ ವಿರುದ್ಧ ಎಂದು ಸಾರಿದರು. ಮ್ಯಾನ್ಲಿಗೆ ಸದನದಲ್ಲಿ ಬಹುಮತವಿತ್ತು, ಸುಮ್ಮನಿರಬಹುದಿತ್ತು. ಅವರು ಜನರನ್ನೇ ಕೇಳೋಣ ಎಂದರು. 1961ರ ಸೆಪ್ಟೆಂಬರ್ 19ರಂದು ಜನಮತ ಸಂಗ್ರಹ ನಡೆಯಿತು. ಕಿಂಗ್‌ಸ್ಟನ್ ನಗರ ಒಕ್ಕೂಟದ ಪರ ನಿಂತಿತು, ಹಳ್ಳಿಗಳು ಬೇಡವೆಂದವು. ಒಟ್ಟು 54 ಪ್ರತಿಶತ ವಿರುದ್ಧ. ಹತ್ತರಲ್ಲಿ ಒಂದು ಹೋದರೆ ಉಳಿಯುವುದು ಸೊನ್ನೆ ಎಂದು ಲೆಕ್ಕ ಹಾಕಿ ವಿಲಿಯಮ್ಸ್ ಟ್ರಿನಿಡಾಡನ್ನೂ ಹೊರತಂದರು. 1962ರ ಮೇ 31ಕ್ಕೆ ಒಕ್ಕೂಟದ ಬಾಗಿಲು ಮುಚ್ಚಿತು.

ಜನಮತದಲ್ಲಿ ಸೋತ ಮ್ಯಾನ್ಲಿ ಪ್ರತ್ಯೇಕ ಸ್ವಾತಂತ್ರ್ಯದ ಏರ್ಪಾಟಿಗೆ ಕೈಹಾಕಿದರು. ಎರಡೂ ಪಕ್ಷಗಳ ಶಾಸಕರ ಸಮಿತಿ ಕೆಲವೇ ತಿಂಗಳಲ್ಲಿ ಸಂವಿಧಾನದ ಕರಡು ಸಿದ್ಧಪಡಿಸಿತು. 1962ರ ಫೆಬ್ರವರಿಯಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸಿನಲ್ಲಿ ಅದಕ್ಕೆ ಮುದ್ರೆ ಬಿತ್ತು. ರಾಣಿಯ ಆದೇಶವೊಂದರ ಅನುಬಂಧವಾಗಿ ಅದು ಜಾರಿಗೆ ಬಂತು. ಜನರ ಮತಕ್ಕೆ ಹಾಕಲಿಲ್ಲ. ಕರಡು ಬರೆದಾಗ ಮುಂದಿನ ಚುನಾವಣೆ ಇನ್ನೂ ಆಗಿರಲಿಲ್ಲ, ಯಾರು ಆಡಳಿತದಲ್ಲಿ ಕೂರುತ್ತಾರೆ, ಯಾರು ಎದುರು ಕೂರುತ್ತಾರೆ ಎಂದು ಇಬ್ಬರು ದಾಯಾದಿಗಳಿಗೂ ಗೊತ್ತಿರಲಿಲ್ಲ. ಆದ್ದರಿಂದ ಇಬ್ಬರೂ ಸೋತವನ ಕುರ್ಚಿಗೆ ರಕ್ಷಣೆ ಹೆಣೆದರು. ಮೇಲ್ಮನೆಯಲ್ಲಿ 21 ಸದಸ್ಯರು: ಪ್ರಧಾನಿಯ ಆಯ್ಕೆಯ 13, ವಿರೋಧ ಪಕ್ಷದ ನಾಯಕನ ಆಯ್ಕೆಯ 8. ಸಂವಿಧಾನದ ಮುಖ್ಯ ವಿಧಿಗಳನ್ನು ತಿದ್ದಲು ಎರಡೂ ಮನೆಗಳಲ್ಲಿ ಮೂರನೆಯ ಎರಡರಷ್ಟು ಮತ ಬೇಕು. 21ರಲ್ಲಿ ಅದು 14. ಸರ್ಕಾರ ಎಷ್ಟೇ ಭಾರಿ ಬಹುಮತದಿಂದ ಗೆದ್ದರೂ ಒಂದು ಮತ ಕಡಿಮೆ ಬೀಳುವಂತೆ ಅಳೆದು ಹೊಲಿದ ಅಂಗಿ. ದೊರೆತನದಂಥ ಅತಿಮುಖ್ಯ ವಿಧಿಗಳಿಗೆ ಅದರ ಮೇಲೆ ಜನಮತದ ಬೀಗವನ್ನೂ ಹಾಕಿದರು.

ಏಪ್ರಿಲ್ 10ರ ಚುನಾವಣೆಯಲ್ಲಿ ಜೆಎಲ್‌ಪಿ 26, ಪಿಎನ್‌ಪಿ 19. ಮೂರು ದಿನ ಕಳೆದು ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕಿನಲ್ಲಿ ಭಾರತ ತಂಡ ಸರಣಿಯ ಕೊನೆಯ ಟೆಸ್ಟ್ ಆಡಲು ಇಳಿಯಿತು, ಅದನ್ನೂ ಸೋತು ಐದಕ್ಕೆ ಐದೂ ಕಳೆದುಕೊಂಡಿತು. ಆಗಸ್ಟ್ 5ರ ನಡುರಾತ್ರಿ ಹೊಸ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಯೂನಿಯನ್ ಜಾಕ್ ಇಳಿದು ಕಪ್ಪು, ಹಸಿರು, ಹೊಂಬಣ್ಣದ ಬಾವುಟ ಏರಿತು. ಆಗ ಪ್ರಧಾನಿ ಬುಸ್ಟಮಾಂಟೆ. ಸ್ವಯಮಾಡಳಿತದ ಕೊನೆಯ ಏಳು ವರ್ಷ ದ್ವೀಪವನ್ನು ನಡೆಸಿದ ಮ್ಯಾನ್ಲಿ ವಿರೋಧ ಪಕ್ಷದ ನಾಯಕ. ಮುಂದೆಂದೂ ಅವರು ಪ್ರಧಾನಿಯಾಗಲಿಲ್ಲ.

ಜನರನ್ನು ನೇರವಾಗಿ ಕೇಳಿದವನಿಗೆ ಏನಾಯಿತು ಎಂಬುದು ಹೀಗೆ ಎರಡೂ ಪಕ್ಷಗಳ ಮನಸ್ಸಿನಲ್ಲಿ ಕೂತಿದೆ. ನೆರೆಯ ದ್ವೀಪಗಳೂ ಅದನ್ನೇ ನೆನಪಿಸುತ್ತವೆ. 2009ರಲ್ಲಿ ಸೇಂಟ್ ವಿನ್ಸೆಂಟ್ ಜನ ಗಣರಾಜ್ಯವನ್ನು ತಿರಸ್ಕರಿಸಿದರು. 2018ರಲ್ಲಿ ಆ್ಯಂಟಿಗ ಮತ್ತು ಗ್ರೆನಡಾದ ಜನ ಪ್ರಿವಿ ಕೌನ್ಸಿಲನ್ನು ಬಿಡಲು ಒಪ್ಪಲಿಲ್ಲ. ಅಲ್ಲೆಲ್ಲ ದೊರೆಯ ಮೇಲಿನ ಪ್ರೀತಿಗಿಂತ ಸ್ಥಳೀಯ ಸರ್ಕಾರದ ಮೇಲಿನ ಅಪನಂಬಿಕೆ ಹೆಚ್ಚು ಕೆಲಸ ಮಾಡಿತು ಎಂದು ನನಗನಿಸುತ್ತದೆ. 2021ರ ನವೆಂಬರ್ 30ರಂದು ಬಾರ್ಬಡೋಸ್ ಗಣರಾಜ್ಯವಾಯಿತಲ್ಲ ಎಂದರೆ, ಅಲ್ಲಿನ ಸಂವಿಧಾನಕ್ಕೆ ಜನಮತದ ಬೀಗವಿಲ್ಲ. ಸಂಸತ್ತಿನ ಮತವೇ ಸಾಕಾಯಿತು.

ಈಗ ಜಮೈಕಾದ ಜಗಳ ದೊರೆಯ ಕುರಿತಾದದ್ದಲ್ಲ. ದೊರೆ ಹೋಗಲಿ ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಒಮ್ಮತವಿದೆ. ಹೋಲ್ನೆಸ್ ಸರ್ಕಾರ ಮೊದಲು ಗಣರಾಜ್ಯ, ಕೋರ್ಟಿನ ವಿಷಯ ಆಮೇಲೆ ಎನ್ನುತ್ತದೆ. ಮಾರ್ಕ್ ಗೋಲ್ಡಿಂಗ್ ನೇತೃತ್ವದ ಪಿಎನ್‌ಪಿ, ದೊರೆಯನ್ನು ಕಳಿಸಿ ದೊರೆಯ ಕೋರ್ಟನ್ನು ಇಟ್ಟುಕೊಳ್ಳುವುದು ಎಂಥ ಸ್ವಾತಂತ್ರ್ಯ ಎಂದು ಕೇಳುತ್ತದೆ. ಪ್ರಿವಿ ಕೌನ್ಸಿಲಿನ ಬದಲಿಗೆ ಕೊನೆಯ ಮೇಲ್ಮನವಿ ಕೇಳಲೆಂದು 2005ರಲ್ಲಿ ಆರಂಭವಾದ ಕೆರಿಬಿಯನ್ ನ್ಯಾಯಾಲಯಕ್ಕೆ ಒಟ್ಟಿಗೇ ಸೇರಬೇಕು ಎಂಬುದು ಅದರ ಪಟ್ಟು. ಆ ನ್ಯಾಯಾಲಯ ಇರುವ ಊರು ಯಾವುದು? ಪೋರ್ಟ್ ಆಫ್ ಸ್ಪೇನ್. 1961ರಲ್ಲಿ ಆ ಊರಿನಿಂದ ಆಳಿಸಿಕೊಳ್ಳುವುದು ಬೇಡವೆಂದ ಪಕ್ಷ ಜೆಎಲ್‌ಪಿ. ಬೇಕೆಂದ ಪಕ್ಷ ಪಿಎನ್‌ಪಿ. ಅರವತ್ತಕ್ಕೂ ಹೆಚ್ಚು ವರ್ಷ ಕಳೆದು ಅದೇ ಎರಡು ಪಕ್ಷಗಳು, ಅದೇ ಊರು, ಅದೇ ಸಾಲು. ನ್ಯಾಯಾಲಯ ಆರಂಭವಾಗುವ ಮೊದಲೇ, 2004ರಲ್ಲಿ, ಪಿಎನ್‌ಪಿ ಸರ್ಕಾರ ಸಾಮಾನ್ಯ ಕಾನೂನಿನ ಮೂಲಕವೇ ಆ ನ್ಯಾಯಾಲಯ ಸೇರಲು ಯತ್ನಿಸಿತ್ತು. ಅದು ಸಂವಿಧಾನಬದ್ಧ ವಿಧಾನವಲ್ಲ ಎಂದು ರದ್ದು ಮಾಡಿದ್ದು ಸ್ವತಃ ಪ್ರಿವಿ ಕೌನ್ಸಿಲ್.

ಲೆಕ್ಕ ಹೀಗಿದೆ. ಕೆಳಮನೆಯ 63ರಲ್ಲಿ 42 ಮತ ಬೇಕು. 2020ರ ಸದನದಲ್ಲಿ ಹೋಲ್ನೆಸ್ ಬಳಿ ಅಷ್ಟು ಮತಗಳಿದ್ದವು, 2025ರ ನಂತರ ಇಲ್ಲ. ಮೇಲ್ಮನೆಯಲ್ಲಿ ಹದಿನಾಲ್ಕನೆಯ ಮತ ವಿರೋಧ ಪಕ್ಷದ ಜೇಬಿನಲ್ಲಿದೆ. ಮಸೂದೆ ಮಂಡನೆಯಾದ ಮೇಲೆ ಮೂರು ತಿಂಗಳು ಚರ್ಚೆ ಆರಂಭಿಸುವಂತಿಲ್ಲ. ಚರ್ಚೆ ಮುಗಿದ ಮೇಲೆ ಮತ್ತೆ ಮೂರು ತಿಂಗಳು ಮತಕ್ಕೆ ಹಾಕುವಂತಿಲ್ಲ. ಇಷ್ಟೆಲ್ಲ ದಾಟಿದ ಮೇಲೆ ಚೀಟಿ ಹಿಡಿದು ಜನರ ಮುಂದೆ ಹೋಗಬೇಕು. 1961ರ ಸೆಪ್ಟೆಂಬರ್ ನಂತರ ಜಮೈಕಾದ ಯಾವ ಸರ್ಕಾರವೂ ಆ ಚೀಟಿಯನ್ನು ಜನರ ಕೈಗೆ ಕೊಡುವ ಧೈರ್ಯ ಮಾಡಿಲ್ಲ.